ಯಾಮಿನಿಪುಡಿ ಲಿಂಕ್

ಮೊರಿತಾ ಸಾನ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಚಟ್ನಿಪುಡಿ ಬಾಟಲಿಯ ಸ್ಟಿಕರ್ ನೋಡುತ್ತ ಒಂದೊಂದೇ ಅಕ್ಷರವನ್ನು ಫೋನಿನಲ್ಲಿ ಒತ್ತುತ್ತಿದ್ದರು. ಅಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು. ಅವರೇ ಇವತ್ತಿನ ಮೊದಲ ಗಿರಾಕಿ.

ಜಪಾನಿನ ಗ್ಯೋಟೋಕುವಿನ ಕಮ್ಯುನಿಟಿ ಹಾಲ್‌ನಲ್ಲಿ ಅಮ್ಮ ಇಟ್ಟ ಮೊದಲ ಸ್ಟಾಲ್ ಅದು. ಅವಳ ಆರ್ಡರ್ ಪೇಜಿನ ಲಿಂಕ್ ಮಾರುದ್ದ ಇತ್ತು. ಯಾರೂ ಟೈಪ್ ಮಾಡುತ್ತಿರಲಿಲ್ಲ. ಐದನೇ ಕ್ಲಾಸಿನ ಮಗಳು ಇಂಚರಾ ಅದನ್ನು ಚಿಕ್ಕದು ಮಾಡಿ, ಅಮ್ಮನ ಹೆಸರನ್ನೇ ಸೇರಿಸಿ ‘ಯಾಮಿನಿಪುಡಿ’ ಎಂದು ಮಾಡಿಕೊಟ್ಟಿದ್ದಳು. ಇನ್ನು ಹೆಸರು ಜನರ ನೆನಪಲ್ಲಿ ಉಳಿಯುತ್ತದೆ ಎಂದು ಅಮ್ಮ ಅರವತ್ತು ಬಾಟಲಿಗೂ ಅದನ್ನೇ ಅಂಟಿಸಿದ್ದಳು. ಇಂಚರಾಳ ಜಂಬ ಕೇಳಬೇಕೆ.

ಫೋನಿನಿಂದ ಕಿಸಿಕಿಸಿ ನಗು ಕೇಳಿಸಿತು. ಅದು ಇಂಚರಾಳದೇ ನಗು.

ಅವಳಿಗೆ ಆಗ ನೆನಪಾಯಿತು. ಲಿಂಕ್ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ನಿನ್ನೆ ಅದನ್ನು ತನ್ನ ಒಂದು ವಿಡಿಯೋಗೆ ಜೋಡಿಸಿದ್ದಳು. ವಾಪಸ್ ಬದಲಿಸುವುದನ್ನು ಮರೆತೇಬಿಟ್ಟಿದ್ದಳು. ಆ ವಿಡಿಯೋದಲ್ಲಿ ಅವಳು ಅಮ್ಮನ ಕೋಟು ತೊಟ್ಟು, ಮುಖ ಸೊಟ್ಟ ಮಾಡಿ, “ಸುಮಿಮಾಸೆನ್, ಮಿಕ್ಸಿ ಸೌಂಡ್, ಸುಮಿಮಾಸೆನ್” ಎಂದು ಅಣಕಿಸಿದ್ದಳು. ಮಿಕ್ಸಿ ತಿರುಗಿದಾಗಲೆಲ್ಲ ಕೆಳಗಿನ ಫ್ಲಾಟಿನಿಂದ ಬಂದು ಬೆಲ್ ಮಾಡಿ, ಹೀಗೇ ‘ಸುಮಿಮಾಸೆನ್’, ಕ್ಷಮಿಸಿ, ಎಂದು ದೂರುತ್ತಿದ್ದವರು ಇದೇ ಮೊರಿತಾ ಸಾನ್.

ಅವರು ವಿಡಿಯೋವನ್ನು ಕೊನೆಯವರೆಗೂ ನೋಡಿದರು. ಸ್ಟಿಕರ್ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದರು. ಆಮೇಲೆ ಅಮ್ಮನ ಕಡೆ ತಿರುಗಿ, ಇಷ್ಟು ದಿನ ನಿಮಗೆ ತೊಂದರೆ ಕೊಟ್ಟೆ, ಕ್ಷಮಿಸಿ ಎಂದು ಜಪಾನೀಸಿನಲ್ಲಿ ಹೇಳಿ, ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟರು.

ಅಮ್ಮನ ಮುಖ ಬಿಳಿಚಿಕೊಂಡಿತು.

ಇಂಚರಾ ಟ್ಯಾಬ್‌ನಲ್ಲಿ ಲಿಂಕನ್ನು ಆರ್ಡರ್ ಪೇಜಿಗೆ ಬದಲಿಸಿದಳು. ಅರ್ಧ ನಿಮಿಷದ ಕೆಲಸ.

“ಅಮ್ಮ, ಫಿಕ್ಸ್ ಮಾಡ್ದೆ. ಈಗ ಓಕೆ.”

“ಅದನ್ನ ನಾನೇ ಹಾಕಿದ್ದು ಅನ್ಕೊಂಡ್ರು ಕಣೇ ಅವ್ರು,” ಎಂದಳು ಅಮ್ಮ, ಮೆಲುದನಿಯಲ್ಲಿ.

ಬೈದಿದ್ದರೇ ಚೆನ್ನಾಗಿತ್ತು. ಇಂಚರಾ ಬಾಟಲಿಗಳ ಸಾಲನ್ನು ನೋಡಿದಳು. ಎಲ್ಲದರ ಮೇಲೂ ಅಮ್ಮನ ಹೆಸರು. ತನ್ನ ಹೆಸರು ಎಲ್ಲೂ ಇಲ್ಲ.

ಅವಳು ಬಾಗಿಲಿಗೆ ಓಡಿದಳು. ಮೊರಿತಾ ಸಾನ್ ಬಗ್ಗಿ ಶೂ ಹಾಕಿಕೊಳ್ಳುತ್ತಿದ್ದರು. ಇಂಚರಾ ಜಪಾನೀಸಿನಲ್ಲಿ ಹೇಳಿಯೇಬಿಟ್ಟಳು.

“ಅದನ್ನ ಹಾಕಿದ್ದು ಅಮ್ಮ ಅಲ್ಲ, ನಾನು. ನನ್ನ ಹೆಸರು ಇಂಚರಾ.”

ಅವರು ಒಂದೇ ಕಾಲಿಗೆ ಶೂ ಹಾಕಿಕೊಂಡು ಹಾಗೇ ನಿಂತು ಅವಳನ್ನು ನೋಡಿದರು. ನಾಲ್ಕು ವರ್ಷದಿಂದ ಅವರ ತಲೆಯ ಮೇಲೆಯೇ ಓಡಾಡಿಕೊಂಡಿದ್ದ ಇಂಚರಾ, ಅವರಿಗೆ ತನ್ನ ಹೆಸರು ಹೇಳಿದ್ದು ಅದೇ ಮೊದಲು.