ಹುಳುಮನೆಯ ಅಲಾರಂ

“ಅಲ್ಲಲ್ಲ ಕಣ್ಲಾ ಜಯ, ಒಲೆ ಮ್ಯಾಲೆ ಹಾಕು! ಹೊಗೆ ಹೋಗೋದೇ ಮ್ಯಾಲಕ್ಕೆ ತಾನೇ?”

ಅಜ್ಜಿ ವೆಂಕಟಲಕ್ಷ್ಮಮ್ಮ ಪೊರಕೆ ಹಿಡಿದುಕೊಂಡೇ ಕೂಗಿದಳು. ಚಿಕ್ಕಪ್ಪ ಜಯಕುಮಾರ್ ಡ್ರಿಲ್ಲಿಂಗ್ ಮಿಷನ್ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ. ಸ್ಟೂಲು ಅಲ್ಲಾಡದಂತೆ ಭಾನುಪ್ರಿಯ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಹೊಗೆಗಲ್ಲ ಕಣವ್ವ ಇದು, ಗ್ಯಾಸಿಗೆ. ಇದ್ದಿಲು ಉರಿದಾಗ ಒಂದು ಕೆಟ್ಟ ಗ್ಯಾಸ್ ಬತ್ತದೆ. ಕಾರ್ಬನ್ ಮೊನಾಕ್ಸೈಡ್ ಅಂತ. ಅದು ಕಣ್ಣಿಗೂ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ.”

“ನನ್ ಮೂಗಿಗೆ ಗೊತ್ತಾಗ್ದೇ ಇರೋ ಗ್ಯಾಸು ಇನ್ನೂ ಹುಟ್ಟಿಲ್ಲ ಬುಡು,” ಅಂದಳು ಅಜ್ಜಿ.

ಅದೂ ಪೂರ್ತಿ ಸುಳ್ಳಲ್ಲ. ಒಂದು ತಟ್ಟೆ ಹಿಪ್ಪುನೇರಳೆ ಸೊಪ್ಪಿನಲ್ಲಿ ಒಂದೇ ಒಂದು ಎಲೆ ಕೊಳೆತಿದ್ದರೂ ಅಜ್ಜಿ ಬಾಗಿಲಲ್ಲೇ ನಿಂತು ಕಂಡುಹಿಡಿಯುತ್ತಿದ್ದಳು. ದೊಡ್ಡಆಲಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ಮನೆ ಎಷ್ಟಿದ್ದರೂ ಅಜ್ಜಿಯಂಥ ಮೂಗು ಇನ್ನೊಂದಿರಲಿಲ್ಲ.

ಭಾನುವಿನ ಮನೆಯ ಹಿಂದಿನ ದೊಡ್ಡ ಕೋಣೆಯೇ ಹುಳುಮನೆ. ಈಗ ಅದು ತೊಳೆದು ಖಾಲಿಯಾಗಿತ್ತು. ಮಾರನೇ ದಿನ ಮರಿಹುಳುಗಳು ಬರುವುದಿತ್ತು. ಹುಳು ಬಂದಮೇಲೆ ಅಜ್ಜಿಯ ಮಂಚವೂ ಅಲ್ಲೇ, ಊಟವೂ ಅಲ್ಲೇ. ಚಳಿಗಾಲದಲ್ಲಿ ಹುಳುಗಳಿಗೆ ಬೆಚ್ಚಗಿರಲಿ ಎಂದು ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಇದ್ದಿಲ ಒಲೆ ಹಚ್ಚಿ ಒಳಗಿಡುತ್ತಿದ್ದರು. ಅಜ್ಜಿಯ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ.

ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಚಿಕ್ಕಪ್ಪನಿಗೆ ಅದೇ ಚಿಂತೆ. ಕೊನೆಗೆ ಅವನೇ ಅಂಗೈಯಗಲದ ಬಿಳಿ ಡಬ್ಬಿಯೊಂದನ್ನು ತಂದು, ಒಲೆಯಿಂದ ದೂರದಲ್ಲಿ, ಅಜ್ಜಿಯ ಮಂಚದ ಪಕ್ಕದ ಗೋಡೆಗೆ ಸ್ಕ್ರೂ ಹಾಕಿ ಬಿಗಿದ.

“ಉಸಿರಾಡೋರ ಹತ್ರ ಇರ್ಬೇಕು ಇದು. ಭಾನು, ಇನ್ಮೇಲೆ ಇದರ ಇನ್‌ಚಾರ್ಜ್ ನೀನೇ. ವಾರಕ್ಕೊಂದ್ ಸಲ ಈ ಟೆಸ್ಟ್ ಬಟನ್ ಒತ್ತು. ಧೂಳು ಕೂತ್ರೆ ಒರೆಸು. ಅವಾಗವಾಗ ಒಂದೊಂದ್ ಸಲ ಕುಯ್ಯಿ ಅಂದ್ರೆ ಸೆಲ್ ಬದಲಾಯ್ಸು. ಆದ್ರೆ ಬುಡದೆ ಕೂಗ್ಕೊಂಡ್ರೆ, ಬಾಗ್ಲು ತೆಗ್ದು ಎಲ್ರೂ ಆಚೆ ಓಡ್ಬೇಕು. ಮಿಕ್ಕಿದ್ದೆಲ್ಲ ಆಮ್ಯಾಕೆ.”

ಭಾನು ಬಟನ್ ಒತ್ತಿದಳು. ಪೀಂ ಪೀಂ ಪೀಂ ಪೀಂ! ಅಜ್ಜಿ ಕಿವಿ ಮುಚ್ಚಿಕೊಂಡಳು. ಭಾನುವಿಗಂತೂ ಕ್ಲಾಸ್ ಮಾನಿಟರ್ ಆದಾಗಲೂ ಇಷ್ಟು ಖುಷಿಯಾಗಿರಲಿಲ್ಲ.

ಹುಳುಗಳು ಬಂದವು. ಹಗಲೂ ರಾತ್ರಿ ಕರಕರ ಸೊಪ್ಪು ತಿಂದವು. ತಿಂದು ತಿಂದು ಒಂದು ದಿನ ತಲೆ ಎತ್ತಿ ಅಲ್ಲಾಡದೆ ಕೂತುಬಿಟ್ಟವು. ಅವು ಹಳೇ ಚರ್ಮ ಕಳಚಿ ಹೊಸದು ತೊಡುವ ಹೊತ್ತು ಅದು. ರೇಷ್ಮೆಯವರು ಅದನ್ನು ಜ್ವರ ಅನ್ನುತ್ತಾರೆ. ಗೂಡು ಕಟ್ಟುವ ಮುಂಚೆ ಹುಳುವಿಗೆ ಇಂಥ ನಾಲ್ಕು ಜ್ವರ ಬರುತ್ತವೆ. ಜ್ವರದ ಹುಳುವಿಗೆ ಸೊಪ್ಪು ಹಾಕಬಾರದು, ಅಲ್ಲಾಡಿಸಬಾರದು, ತಣ್ಣನೆ ಗಾಳಿ ಸೋಕಿಸಬಾರದು. ತಟ್ಟೆ ಒಣಗಿರಲಿ ಎಂದು ಮೇಲೆ ಸುಣ್ಣದ ಪುಡಿ ಉದುರಿಸಬೇಕು.

ಅವತ್ತು ಸಾಯಂಕಾಲ ಭಾನು ಸ್ಕೂಲಿನಿಂದ ಬಂದು ನೋಡುತ್ತಾಳೆ, ಅಲಾರಂಗೆ ಒಂದು ಪ್ಲಾಸ್ಟಿಕ್ ಕವರು ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ.

“ಸುಣ್ಣ ಬಿದ್ದು ಕೆಟ್ಟೋಯ್ತದೆ ಕಣಮ್ಮಿ,” ಅಂದಳು ಅಜ್ಜಿ. “ಹೊಸಾ ಸಾಮಾನು. ಹಂಗೇ ಬುಡಕ್ಕಾಯ್ತದಾ?”

ಭಾನುವಿಗೂ ಅದು ಸರಿ ಅನ್ನಿಸಿತು. ಅವರ ಮನೆಯಲ್ಲಿ ಟಿವಿ ರಿಮೋಟ್‌ಗೆ ಕವರಿತ್ತು. ಅಪ್ಪನ ಬೈಕಿನ ಸೀಟಿಗೆ ಕವರಿತ್ತು. ಮಿಕ್ಸಿಗೆ, ಅದರ ಜಾರಿಗೆ, ಜಾರಿನ ಮುಚ್ಚಳಕ್ಕೂ ಬೇರೆ ಬೇರೆ ಕವರಿದ್ದವು. ಅಂದಮೇಲೆ ಅಲಾರಂ ಯಾವ ಪಾಪ ಮಾಡಿತ್ತು?

ಭಾನುವಾರ ಬಂದಾಗ ಅವಳು ಕವರಿನ ಮೇಲಿಂದಲೇ ಬಟನ್ ಒತ್ತಿದಳು. ಪೀಂ ಪೀಂ ಪೀಂ ಪೀಂ!

“ವರ್ಕಿಂಗ್!” ಎಂದು ಇಡೀ ಮನೆಗೆ ಕೇಳುವಂತೆ ಸಾರಿದಳು.

ನಾಲ್ಕನೇ ಜ್ವರ ಬಂದಾಗ ಚಳಿಯೂ ಜೋರಾಯಿತು. ಬೆಳಗಿನಿಂದ ಮೋಡ, ಶೀತಗಾಳಿ. ಇದೇ ಕೊನೆಯ ಜ್ವರ. ಇದರಿಂದ ಚೆನ್ನಾಗಿ ಎದ್ದರೆ ಹುಳುಗಳು ಗೂಡು ಚೆನ್ನಾಗಿ ಕಟ್ಟುತ್ತವೆ. ಅಜ್ಜಿ ಒಲೆಗೆ ಇದ್ದಿಲು ಹೆಚ್ಚಿಗೆ ಹಾಕಿ, ಕಿಟಕಿಯ ಸಂದಿಗೂ ಗೋಣಿಚೀಲ ತುರುಕಿ ಕೂತಳು.

ಸ್ಕೂಲ್ ಬಿಟ್ಟು ಬಂದ ಭಾನು ಹೋಂವರ್ಕ್ ತಗೊಂಡು ಹುಳುಮನೆಗೇ ಹೋದಳು. ಒಳಗೆ ಒಳ್ಳೆ ಬೆಚ್ಚಗಿತ್ತು. ಅಜ್ಜಿ ಮಂಚದ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಳು.

“ಯಾಕಜ್ಜಿ?”

“ಏನಿಲ್ಲ ಕಣಮ್ಮಿ. ಒಸಿ ತಲೆನೋವು. ಮಧ್ಯಾಹ್ನ ಟೀ ಕುಡೀಲಿಲ್ವಲ್ಲ, ಅದ್ಕೇ.”

“ಟೀ ತರ್ಲಾ?”

“ಬ್ಯಾಡ, ವಾಂತಿ ಬಂದಂಗಾಯ್ತದೆ.”

ಟೀ ಬೇಡ ಅನ್ನುವ ಅಜ್ಜಿಯನ್ನು ಭಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಅಲಾರಂ ಕಡೆ ನೋಡಿದಳು. ಸಣ್ಣ ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು. ಇರಲಿ ಅಂತ ಬಟನ್ ಒತ್ತಿದಳು. ಪೀಂ ಪೀಂ ಪೀಂ ಪೀಂ! ವರ್ಕಿಂಗ್. ಹಾಗಾದರೆ ಗ್ಯಾಸ್ ಇಲ್ಲ, ಬರೀ ತಲೆನೋವು.

ಮಗ್ಗಿ ಬರೆಯುತ್ತಾ ಕೂತಳು. ಹದಿನೇಳರ ಮಗ್ಗಿ ಅರ್ಧ ಆಗುವಷ್ಟರಲ್ಲಿ ಅವಳ ತಲೆಯೂ ಧಿಂ ಅನ್ನತೊಡಗಿತು. ನೀರು ಕುಡಿಯಲು ಅಂಗಳಕ್ಕೆ ಹೋದಳು. ಗಾಳಿಗೆ ನಿಂತಮೇಲೆ ತಲೆ ಹಗುರಾಯಿತು. ಮತ್ತೆ ಒಳಗೆ ಬಂದಳು. ಮತ್ತೆ ಧಿಂ!

‘ನಾನೇನು ಟೀ ಕುಡಿಯೋಳಲ್ಲವಲ್ಲ!’ ಅಂದುಕೊಂಡಳು ಭಾನು.

ಇನ್ನೊಂದು ಸಲ ಅಲಾರಂ ಹತ್ತಿರ ಹೋಗಿ ಬಟನ್ ಮೇಲೆ ಬೆರಳಿಟ್ಟಳು. ಆಗ ಗಮನಿಸಿದಳು. ಬೆರಳಿಟ್ಟ ಕಡೆ ಕವರು ತಗ್ಗುತ್ತಿತ್ತು, ಇನ್ನೊಂದು ಕಡೆ ಬಲೂನಿನಂತೆ ಉಬ್ಬುತ್ತಿತ್ತು. ಬೆರಳು ತೆಗೆದರೆ ಮೊದಲಿನಂತೆ ಆಗುತ್ತಿತ್ತು. ಅಂದರೆ ಒಳಗಿನ ಗಾಳಿ ಹೊರಗೆ ಬರುತ್ತಿಲ್ಲ, ಹೊರಗಿನದು ಒಳಗೆ ಹೋಗುತ್ತಿಲ್ಲ. ಅಲಾರಂ ಕವರು ಹಾಕಿದ ದಿನದ ಗಾಳಿಯನ್ನೇ ಇಟ್ಟುಕೊಂಡು ಕೂತಿದೆ!

ರಬ್ಬರ್ ಬ್ಯಾಂಡ್ ಎಳೆದಳು. ಅದು ಪಟ್ ಅಂತ ಹರಿದು ಬೆರಳಿಗೆ ಹೊಡೆಯಿತು. ಕವರು ಕಿತ್ತು ಬಿಸಾಕಿದಳು.

“ಯಾಕಮ್ಮಿ ಕಿತ್ತೆ ಅದ್ನ? ಸುಣ್ಣ ಕುಡಿತದೆ ಅದು!”

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ತಾನೇ ತಪ್ಪು ತಿಳಿದೆನೇನೋ ಅಂದುಕೊಳ್ಳುತ್ತಾ ಭಾನು ಕವರು ಎತ್ತಿಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಕೆಂಪು ದೀಪ ಹತ್ತಿತು.

ಪೀಂ ಪೀಂ ಪೀಂ ಪೀಂ! ಪೀಂ ಪೀಂ ಪೀಂ ಪೀಂ!

ಈ ಸಲ ಯಾರೂ ಬಟನ್ ಒತ್ತಿರಲಿಲ್ಲ.

ಭಾನು ಓಡಿಹೋಗಿ ಬಾಗಿಲು ದೂಡಿದಳು. ಶೀತಗಾಳಿ ಭರ್ರೆಂದು ನುಗ್ಗಿತು.

“ಬಾಗ್ಲು ಹಾಕಮ್ಮಿ! ಹುಳ ಜ್ವರದಾಗವೆ! ಬೆಳೆ ಪೂರಾ ಹೋಯ್ತದೆ!” ಅಜ್ಜಿ ಏಳಲು ನೋಡಿದಳು. ಕಾಲು ನಿಲ್ಲದೆ ಮಂಚದ ಮೇಲೆ ಕುಸಿದಳು.

“ಆಚೆ ಬಾ ಅಜ್ಜಿ!”

“ನಾನು ಬರಾಕಿಲ್ಲ. ಮೊದ್ಲು ಬಾಗ್ಲು ಹಾಕು ಅಂದ್ರೆ...”

ಅಜ್ಜಿಯ ಮಾತಿಗೆ ಆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ, ಅಪ್ಪ ಕೂಡ. ಆದರೆ ಭಾನುವಿಗೆ ಆಗ ಅಳುವೂ ಬಂದಿತ್ತು, ಸಿಟ್ಟೂ ಬಂದಿತ್ತು.

“ಹುಳ ಹೋದ್ರೆ ಇನ್ನೊಂದ್ ಸಲ ತರ್ಬೌದು! ನಿನ್ನ ಎಲ್ಲಿಂದ ತರಾದು?”

ಅಜ್ಜಿ ಅವಳ ಮುಖ ನೋಡಿದಳು. ಕೈ ಚಾಚಿದಳು. ಭಾನು ಆ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು, “ಅಪ್ಪಾ! ಅಮ್ಮಾ!” ಎಂದು ಕೂಗುತ್ತಾ ಹೊಸಿಲು ದಾಟಿಸಿದಳು. ಕಣದಲ್ಲಿದ್ದ ಅಪ್ಪ ನಾಗರಾಜು ಓಡಿಬಂದ. ಅಜ್ಜಿಯನ್ನು ಎತ್ತಿ ಅಂಗಳದ ಜಗಲಿಯ ಮೇಲೆ ಕೂರಿಸಿದ. ಆಚೆಯಿಂದಲೇ ಕಿಟಕಿಗಳನ್ನೆಲ್ಲ ದೂಡಿ ತೆಗೆದ. ಕೋಣೆಯ ಗಾಳಿ ಬದಲಾಗುವವರೆಗೆ ಕಾದು, ಉಸಿರು ಬಿಗಿಹಿಡಿದು ಒಳಗೆ ಹೋಗಿ, ಒಲೆಯನ್ನು ಎಳೆದು ತಂದು ಅಂಗಳಕ್ಕೆ ಹಾಕಿದ. ಆಮೇಲೆ ಅಲಾರಂ ತಾನಾಗಿಯೇ ಸುಮ್ಮನಾಯಿತು.

ಪಕ್ಕದ ಬೀದಿಯ ಅಜರಣ್ಣನ ಆಟೋದಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಭಾನುವೂ ಹೋದಳು. ಡಾಕ್ಟರ್ ಅಜ್ಜಿಯ ಮೂಗಿಗೆ ಆಕ್ಸಿಜನ್ ಮಾಸ್ಕ್ ಹಾಕಿದರು. ಭಾನುವನ್ನೂ ಪರೀಕ್ಷೆ ಮಾಡಿ ನೋಡಿದರು.

“ಇನ್ನೊಂದು ಸ್ವಲ್ಪ ಹೊತ್ತು ಒಳಗೇ ಇದ್ದಿದ್ದರೆ ಕಷ್ಟ ಆಗ್ತಿತ್ತು. ಆಚೆ ಕರ್ಕೊಂಡು ಬಂದವರು ಯಾರು?”

“ನಮ್ ಇನ್‌ಚಾರ್ಜು,” ಅಂದ ಅಪ್ಪ. ಭಾನು ಎಲ್ಲಿ ನೋಡಬೇಕೋ ತಿಳಿಯದೆ ಫ್ಯಾನ್ ನೋಡಿದಳು.

ಅಜ್ಜಿ ಮಾಸ್ಕ್ ಒಳಗಿಂದಲೇ ಏನೋ ಗೊಣಗಿದಳು. ಹುಳುಗಳನ್ನು ವಿಚಾರಿಸುತ್ತಿದ್ದಾಳೆ ಎಂದು ಎಲ್ಲರಿಗೂ ಗೊತ್ತಾಯಿತು.

ಹುಳುಗಳಿಗೆ ಅವತ್ತು ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮ ತಮ್ಮ ಕರೆಂಟ್ ಹೀಟರ್ ತಂದುಕೊಟ್ಟರು. ಕಿಟಕಿಯ ಸಂದಿಗೆ ಯಾರೂ ಗೋಣಿಚೀಲ ತುರುಕಲಿಲ್ಲ.

ಬೆಳಗ್ಗೆ ಅಜ್ಜಿ ಮನೆಗೆ ಬಂದಳು. ಆಟೋ ಇಳಿದವಳೇ ಸೀದಾ ಹುಳುಮನೆಗೆ ನಡೆದಳು. ರಾತ್ರಿಯೇ ಮನೆಗೆ ಬಂದಿದ್ದ ಭಾನು ಹಿಂದೆಯೇ ಹೋದಳು. ತಟ್ಟೆಗಳ ತುಂಬ ಹುಳುಗಳು ಹಳೇ ಚರ್ಮ ಬಿಟ್ಟು, ಬಿಳಿಬಿಳಿಯಾಗಿ, ತಲೆ ಆಡಿಸುತ್ತಾ ಸೊಪ್ಪಿಗಾಗಿ ಹುಡುಕುತ್ತಿದ್ದವು. ಒಂದೆರಡು ತಟ್ಟೆಯವು ಮಾತ್ರ ಇನ್ನೂ ಮಲಗಿದ್ದವು.

“ಎದ್ದವೆ! ಜ್ವರ ಎದ್ದವೆ ಕಣೋ ನಾಗರಾಜು!” ಅಜ್ಜಿ ಊರಿಗೆಲ್ಲ ಕೇಳುವಂತೆ ಕೂಗಿದಳು. “ನಾನು ಇಲ್ದಿದ್ರೂ ಎದ್ದವೆ, ಕಳ್ ಮುಂಡೇವು!”

ಅಮ್ಮ ಸೊಪ್ಪಿನ ಬುಟ್ಟಿ ತಂದಿಟ್ಟಳು. ಜ್ವರ ಎದ್ದ ಹುಳುವಿಗೆ ಮೊದಲ ಸೊಪ್ಪು ಹಾಕುವುದು ಯಾವಾಗಲೂ ಅಜ್ಜಿಯ ಕೈ. ಅಪ್ಪನಿಗೂ ಅವಳು ಬಿಟ್ಟುಕೊಟ್ಟಿರಲಿಲ್ಲ. ಇವತ್ತು ಅಜ್ಜಿ ಬುಟ್ಟಿಯನ್ನು ಭಾನುವಿನ ಕಡೆ ತಳ್ಳಿದಳು.

“ಹಾಕಮ್ಮಿ. ಮೊದ್ಲ ಸೊಪ್ಪು ನಿಂದು.”

“ನಾನಾ?”

“ಇನ್ಯಾರು, ಡಾಕ್ಟ್ರಾ? ಹಾಕು, ಹಸಿದವೆ.”

ಭಾನು ಬುಟ್ಟಿಗೆ ಕೈ ಹಾಕಲಿಲ್ಲ. ಮೊದಲು ಗೋಡೆಯ ಹತ್ತಿರ ಹೋದಳು. ಒಣಬಟ್ಟೆಯಿಂದ ಅಲಾರಂ ಮೇಲಿನ ಸುಣ್ಣ ಒರೆಸಿದಳು. ಅದರ ಸಣ್ಣ ಸಣ್ಣ ತೂತುಗಳಿಗೆ ಕಣ್ಣಿಟ್ಟು ಒಂದೊಂದಾಗಿ ನೋಡಿದಳು. ಆಮೇಲೆ ಬಟನ್ ಒತ್ತಿದಳು. ಪೀಂ ಪೀಂ ಪೀಂ ಪೀಂ! ಈ ಸಲ ಅವಳು “ವರ್ಕಿಂಗ್” ಎಂದು ಸಾರಲಿಲ್ಲ.

ತಿರುಗಿ ಅಜ್ಜಿಯ ಹತ್ತಿರ ಬಂದಳು.

“ತಲೆನೋವು ಹೋಯ್ತಾ ಅಜ್ಜಿ?”

“ಏನಿಲ್ಲ ಕಣಮ್ಮಿ, ಚೆಂದಾಗಿವ್ನಿ.”

ನಿನ್ನೆಯೂ ಅಜ್ಜಿ ‘ಏನಿಲ್ಲ’ ಎಂದೇ ಅಂದಿದ್ದಳು. ಭಾನು ಅಜ್ಜಿಯ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನಿಧಾನವಾಗಿ ನೋಡಿದಳು. ಕಣ್ಣುಗಳು ತಿಳಿಯಾಗಿದ್ದವು. ಬಾಯಲ್ಲಿ ಟೀ ವಾಸನೆ ಬರುತ್ತಿತ್ತು. ಆಟೋ ನಿಲ್ಲಿಸಿ ದಾರಿಯಲ್ಲೇ ಕುಡಿದುಬಂದಿದ್ದಾಳೆ!

ಭಾನುವಿಗೆ ನಗು ಬಂತು. ಆಮೇಲೆ ಎರಡೂ ಕೈ ತುಂಬ ಸೊಪ್ಪು ತಗೊಂಡು ಮೊದಲ ತಟ್ಟೆಗೆ ಹರಡಿದಳು.