ಸೂಗಪ್ಪನ ಹೆಸರಿನ ಜಮಾ

"ಈ ಕಾಗದ ಬರ್ದವ್ರು ಯಾರ್ರಿ?"

ಕಲಬುರಗಿಯ ಕಪನೂರಿನ ಆ ಕಬ್ಬಿಣದ ಅಂಗಡಿಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಕೇಳಿದ್ದಿಲ್ಲ. ಕಂಪ್ಯೂಟರಿನ ಮುಂದೆ ಕೂತಿದ್ದ ನೀಲಗಂಗಾ ತಲೆ ಎತ್ತಿದಳು. ಎದುರಿಗೊಬ್ಬ ತರುಣ. ಅಂಗಿಯ ತೋಳಿನ ತುಂಬ ವೆಲ್ಡಿಂಗ್ ಕಿಡಿ ಸುಟ್ಟ ತೂತುಗಳು. ಕೈಯಲ್ಲಿ ಅವಳೇ ಟೈಪ್ ಮಾಡಿ ಕಳಿಸಿದ ನೋಟೀಸು. ಅವನ ಹಿಂದೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ರುಮಾಲು ಸುತ್ತಿದ ಮುದುಕರೊಬ್ಬರು ನಿಂತಿದ್ದರು.

ಅವನು ಕಮಲಾಪುರದ ಭೀಮಶಾ. ಮುದುಕರು ಅವನ ತಂದೆ ಸೂಗಪ್ಪ. ಗೇಟು, ಕಿಟಕಿ ಮಾಡುವ ಅವರ ವರ್ಕ್‌ಶಾಪಿಗೆ ಇಪ್ಪತ್ತು ವರ್ಷದಿಂದ ಕಬ್ಬಿಣ ಹೋಗುತ್ತಿದ್ದುದು ಇದೇ ಅಂಗಡಿಯಿಂದ. ಹದಿನೆಂಟು ಸಾವಿರ ರೂಪಾಯಿ ಬಾಕಿ ಕಟ್ಟಿ ಎಂದು ನೋಟೀಸು ಹೇಳುತ್ತಿತ್ತು. 2001ರ ಜನವರಿಯ ಮಾತು. ಹದಿನೆಂಟು ಸಾವಿರ ಅವರಿಗೆ ಸಣ್ಣ ಮೊತ್ತವಾಗಿರಲಿಲ್ಲ.

"ನಂದು ಬಾಕಿ ಇಲ್ಲವ್ವ," ಎಂದರು ಸೂಗಪ್ಪ, ಮೆಲ್ಲಗೆ. "ನಂದು ಜಮಾ ಅದ, ನಂದೇ ರೊಕ್ಕ ನಿಮ್ಮ ಬಲ್ಲಿ ಅದ. ಹಳೀ ಖಾತಿ ತೆಗ್ದು ನೋಡು."

ಹಳೆಯ ಕೆಂಪು ಖಾತೆ ಪುಸ್ತಕ ನೀಲಗಂಗಾಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಎದ್ದು ಎರಡು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಆದರೆ ನಮ್ಮ ಹುಡುಗಿಗೆ ಆಗ ಇಪ್ಪತ್ಮೂರು ವರ್ಷ. ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಇಡೀ ಅಂಗಡಿಯ ಲೆಕ್ಕವನ್ನು ಒಬ್ಬಳೇ ಯಂತ್ರಕ್ಕೆ ಏರಿಸಿದವಳು. ಆ ಹಮ್ಮು ಅವಳನ್ನು ಕುರ್ಚಿಯಿಂದ ಏಳಗೊಡಲಿಲ್ಲ. ಮಾನಿಟರನ್ನು ಅವರತ್ತ ತಿರುಗಿಸಿ ತೋರಿಸಿದಳು.

"ಕಂಪ್ಯೂಟರ್ ತಪ್ಪು ಹೇಳಂಗಿಲ್ರಿ, ಕಾಕಾ. ತಪ್ಪೋದು ಮನ್ಷ್ಯಾ."

ಸೂಗಪ್ಪನಿಗೆ ಓದು ಬರುತ್ತಿರಲಿಲ್ಲ. ಪರದೆಯನ್ನು ನೋಡಿ, ಮಗನನ್ನು ನೋಡಿದರು. ಎರಡು ವರ್ಷದಿಂದ ಅವರಿಗೆ ಮರೆವು. ಉಂಡಿದ್ದನ್ನೇ ಮರೆತು ಮತ್ತೆ ಊಟದ ತಾಟು ಕೇಳುತ್ತಿದ್ದರು. ಭೀಮಶಾನ ಮುಖದ ಮೇಲಿನ ಸಿಟ್ಟು ಅವಳ ಕಡೆಯಿಂದ ತಂದೆಯ ಕಡೆಗೆ ಹೊರಳಿದ್ದನ್ನು ನೀಲಗಂಗಾ ಕಣ್ಣಾರೆ ಕಂಡಳು.

ತಿಂಗಳಿಗೆ ಮೂರು ಸಾವಿರದಂತೆ ಆರು ಕಂತು ಕಟ್ಟುತ್ತೇನೆ ಎಂದು ಒಪ್ಪಿಕೊಂಡು ಅವನು ಹೊರಟುಹೋದ.

ಮಾತು ಕೊಟ್ಟಂತೆ ಬಂದ ಕೂಡ. ಫೆಬ್ರವರಿಯಿಂದ ಪ್ರತಿ ತಿಂಗಳ ಮೊದಲ ಶನಿವಾರ, ಕಮಲಾಪುರದ ಬಸ್ಸಿಳಿದು, ನೋಟುಗಳನ್ನು ಎರಡು ಸಲ ಎಣಿಸಿ ಮೇಜಿನ ಮೇಲಿಡುತ್ತಿದ್ದ. ಮೊದಲ ದಿನ ಕೂಗಿದ್ದಕ್ಕೆ ಎರಡನೆಯ ಸಲ ಕ್ಷಮೆ ಕೇಳಿದ. ಮೂರನೆಯ ಸಲ ನಾಲ್ಕು ಕೆಂಪು ಬಾಳೆಹಣ್ಣು ತಂದಿದ್ದ. ನಮ್ಮೂರ ಹಣ್ಣು, ಬ್ಯಾಡ ಅನ್ನಬ್ಯಾಡ್ರಿ ಎಂದ. ಅವಳು ಬೇಡ ಎನ್ನಲಿಲ್ಲ. ರಸೀದಿ ಕೊಡುವಷ್ಟು ಹೊತ್ತಿನ ಮಾತು ಬರಬರುತ್ತಾ ಒಂದು ಕಪ್ ಚಹಾದಷ್ಟು ಉದ್ದವಾಯಿತು.

ಶನಿವಾರ ಬಂತೆಂದರೆ ನೀಲಗಂಗಾ ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು. 'ಬಾಕಿ ತೀರಿದ ಮೇಲೆ ಇವರು ಯಾಕೆ ಬರುತ್ತಾರೆ...' ಎಂದು ಒಳಗೊಳಗೇ ಅಂಜುತ್ತಿದ್ದಳು. ಪ್ರೀತಿ ಅಂದರೆ ಹೀಗೇ ಇರಬೇಕು, ಕಟ್ಟುವವನು ತಡ ಮಾಡಲಿ ಎಂದು ವಸೂಲಿ ಮಾಡುವವಳೇ ದೇವರಿಗೆ ಬೇಡಿಕೊಳ್ಳುವುದು.

ಆದರೆ ಅವನ ಮನೆಯೊಳಗೆ ಬೇರೆಯೇ ನಡೆದಿತ್ತು. ಒಂದು ದಿನ ವರ್ಕ್‌ಶಾಪಿಗೆ ಬಂದ ಗಿರಾಕಿಗಳ ಮುಂದೆ ಸೂಗಪ್ಪ ಮತ್ತೆ, ನಂದು ಜಮಾ ಅದ ಎಂದರಂತೆ. ಭೀಮಶಾ ಎಲ್ಲರೆದುರೇ ಅವರನ್ನು ಸುಳ್ಳುಬುರುಕ ಎಂದುಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಮುದುಕರು ವರ್ಕ್‌ಶಾಪಿನ ಮುಂದೆ ಕೂರಲಿಲ್ಲ. ಹಿತ್ತಲಲ್ಲಿ ಹಳೆ ಕಬ್ಬಿಣದ ರಾಶಿಯ ಪಕ್ಕ ಕೂತು ದಿನ ಕಳೆದರು.

ಮೇ ತಿಂಗಳಲ್ಲಿ, ಅಲ್ಲೇ ಕೂತಲ್ಲೇ, ಅವರ ಜೀವ ಹೋಯಿತು.

ಐದನೆಯ ಕಂತಿಗೆ ಭೀಮಶಾ ತಲೆ ಬೋಳಿಸಿಕೊಂಡು ಬಂದಿದ್ದ. ಇದನ್ನೆಲ್ಲ ಅವನೇ ಹೇಳಿದ. ಕೊನೆಯ ನಾಲ್ಕು ತಿಂಗಳು ಅಪ್ಪನ ಜೊತೆ ನೆಟ್ಟಗೆ ಮಾತಾಡಲಿಲ್ಲ ಎಂದ. ನೀಲಗಂಗಾಳ ಕಣ್ಣು ತುಂಬಿ, ರಸೀದಿಯ ಮೇಲಿನ ಅಕ್ಷರ ಕಾಣದಾಯಿತು.

ಜುಲೈ ಮೊದಲಿಗೆ ಕೊನೆಯ ಕಂತು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ:

"ಅಪ್ಪನ ವರ್ಷ ಮುಗೀಲಿ. ನಮ್ಮವ್ವನ್ನ ನಿಮ್ಮ ಮನಿಗಿ ಕಳಸ್ತೀನಿ. ಕಳಸ್ಲೇನ್ರಿ?"

ಅವಳು ತಲೆ ತಗ್ಗಿಸಿ, ಹೂಂ ಎಂದಳು. ಆ ದಿನ ಅವಳಷ್ಟು ಸುಖಿ ಇಡೀ ಕಲಬುರಗಿಯಲ್ಲಿ ಇನ್ನೊಬ್ಬರಿರಲಿಲ್ಲ.

ಆ ಸುಖ ಮೂರು ವಾರ ಬಾಳಿತು.

ಜುಲೈ ಕೊನೆಗೆ ಆಡಿಟ್ ಬಂತು. ಕಂಪ್ಯೂಟರ್ ಮೊದಲ ದಿನದಿಂದ ಮೂಲೆಯಲ್ಲಿ ಒಂದು ಸಾಲು ತೋರಿಸುತ್ತಲೇ ಇತ್ತು: ಆರಂಭದ ಲೆಕ್ಕದಲ್ಲಿ ಮೂವತ್ತಾರು ಸಾವಿರ ವ್ಯತ್ಯಾಸ. ಮಾಲೀಕ ದತ್ತಪ್ಪ ಅದನ್ನು ಬಿಟ್ಟುಬಿಡು ಎಂದಿದ್ದರು, ಅವಳು ಬಿಟ್ಟಿದ್ದಳು. ಈಗ ಆಡಿಟರ್ ಒಪ್ಪಲಿಲ್ಲ. ದತ್ತಪ್ಪ ಹಳೆಯ ಮುನೀಮ ಬುರ್ಹಾನುದ್ದೀನ್ ಸಾಹೇಬರನ್ನು ಕರೆಸಿದರು. ಆ ಕೆಂಪು ಪುಸ್ತಕ ಬರೆದವರು ಅವರೇ.

ಬುರ್ಹಾನುದ್ದೀನ್ ಸಾಹೇಬರು ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ.

"ಫರಕು ಅರ್ಧಾ ಮಾಡು ಬೇಟಾ. ಈ ಕಡೀದು ಆ ಕಡಿ ಬರ್ದ್ರ ಫರಕು ದುಪ್ಪಟ್ಟು ಬರ್ತದ. ಅರ್ಧಾ ಎಷ್ಟು?"

ಹದಿನೆಂಟು ಸಾವಿರ.

ನೀಲಗಂಗಾ ಕೀಬೋರ್ಡಿನಿಂದ ಕೈ ತೆಗೆದಳು. ಎದ್ದು, ಎರಡೇ ಹೆಜ್ಜೆ ಹಾಕಿ, ಕಪಾಟು ತೆರೆದಳು.

ಸೂಗಪ್ಪ, ಕಮಲಾಪುರ. ಜಮಾ, ಹದಿನೆಂಟು ಸಾವಿರ.

ಆ ಮುದುಕರದೊಂದು ಪದ್ಧತಿ ಇತ್ತು ಎಂದರು ಮುನೀಮರು. ದೀಪಾವಳಿ ಪಾಡ್ಯದ ದಿನ ಹೊಸ ಪುಸ್ತಕ ತೆರೆದಾಗ, ಕೊಡಬೇಕಾದದ್ದಕ್ಕಿಂತ ಹೆಚ್ಚೇ ಕೊಟ್ಟು ಹೋಗುತ್ತಿದ್ದರು. ಹೊಸ ಪುಸ್ತಕದಲ್ಲಿ ತಮ್ಮ ಹೆಸರು ಸಾಲದಿಂದ ಶುರುವಾಗಬಾರದು, ಜಮಾದಿಂದ ಶುರುವಾಗಬೇಕು ಎಂಬ ಹಟ. ವರ್ಷ ವರ್ಷ ಹಾಗೆ ಉಳಿದು ಉಳಿದು ಅಷ್ಟಾಗಿತ್ತು.

ಹೆಸರಿನ ಮುಂದೆ ಮೊತ್ತ ಹೊಡೆದ ಮೇಲೆ, ಇದು ಬಾಕಿಯೋ ಜಮಾವೋ ಎಂದು ಕಂಪ್ಯೂಟರ್ ಕೇಳುತ್ತದೆ. ಏನೂ ಹೇಳದೆ ಎಂಟರ್ ಒತ್ತಿದರೆ ಬಾಕಿ ಎಂದೇ ತಿಳಿಯುತ್ತದೆ. ನೂರಾರು ಬಾಕಿದಾರರ ನಡುವೆ ಆ ಒಂದು ಹೆಸರಿಗೂ ಅವಳು ಎಂಟರ್ ಒತ್ತಿದ್ದಳು. ಅಷ್ಟೇ. ಅಂಗಡಿಯೇ ಅವರಿಗೆ ಕೊಡಬೇಕಾಗಿದ್ದ ಹಣವನ್ನು ಅವರಿಂದಲೇ ಮತ್ತೊಮ್ಮೆ ವಸೂಲಿ ಮಾಡಿದ್ದಳು. ತಪ್ಪೋದು ಮನ್ಷ್ಯಾ ಎಂದು ಅವರ ಮುಖಕ್ಕೇ ಹೇಳಿದ್ದಳು.

'ನಾನು ಹೇಳಿದರೆ ಅವರು ನನ್ನ ಮುಖ ನೋಡುವುದಿಲ್ಲ... ಹೇಳದಿದ್ದರೆ ಆ ಮುದುಕರು ಸುಳ್ಳುಬುರುಕರಾಗಿಯೇ ಉಳಿಯುತ್ತಾರೆ...' ಊಟ ಬಿಟ್ಟು ಕೂತಳು.

ದತ್ತಪ್ಪನಿಗೆ ಅಂಥ ಸಂಕಟವೇನೂ ಇರಲಿಲ್ಲ. ಹಳೆಯ ಹದಿನೆಂಟು, ಈಗ ಕಟ್ಟಿದ ಹದಿನೆಂಟು ಸೇರಿ ಮೂವತ್ತಾರು ಸಾವಿರ ಅವರ ಹೆಸರಲ್ಲೇ ಜಮಾ ಇರಲಿ, ಮುಂದೆ ಕಬ್ಬಿಣ ಒಯ್ದಾಗ ಮುರಿದುಕೊಳ್ಳೋಣ, ಈಗಲೇ ಡಂಗುರ ಹೊಡೆಯುವುದು ಬೇಡ ಎಂದರು. ಹೇಳಲು ಹೋದರೆ ಮತ್ತೆ ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದೂ ಸೇರಿಸಿದರು. ಅವಳ ಸಂಬಳದ ಮೇಲೆಯೇ ಅವಳ ಮನೆ ನಡೆಯುತ್ತಿದ್ದುದು ಅವರಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನೀಲಗಂಗಾ ಮುನೀಮರಿಂದ ಆ ಪುಟದ ಝೆರಾಕ್ಸ್ ತೆಗೆಸಿಕೊಂಡು ಕಮಲಾಪುರದ ಬಸ್ಸು ಹತ್ತಿದಳು.

ಭೀಮಶಾ ಅವಳನ್ನು ಕಂಡು ನಕ್ಕ. ಆ ನಗುವೇ ಅವಳನ್ನು ಹೆಚ್ಚು ಸುಟ್ಟಿತು. ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಪುಸ್ತಕ ಬೆನ್ನ ಹಿಂದೆಯೇ ಇತ್ತು ಎಂಬುದನ್ನೂ.

ಅವನು ಝೆರಾಕ್ಸ್ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಹಿತ್ತಲಿಗೆ ಹೋದ. ಕಬ್ಬಿಣದ ರಾಶಿಯ ಪಕ್ಕ ಅವನು ಅಳುವ ಸದ್ದು ಇಲ್ಲಿಗೂ ಕೇಳಿಸಿತು. ಬಾಗಿಲಿಗೆ ಬಂದ ತಾಯಿ ಅಂಬಮ್ಮ ಏನೂ ತಿಳಿಯದೆ ಅವಳಿಗೆ ನೀರು ತಂದುಕೊಟ್ಟರು. ಅವಳು ಕುಡಿಯಲಾರದೆ ತಂಬಿಗೆ ಹಿಡಿದು ನಿಂತಳು.

ತಿರುಗಿ ಬಂದವನು ಅವಳ ಮುಖ ನೋಡದೆ ಒಂದೇ ಮಾತು ಹೇಳಿದ.

"ಹೋಗ್ರಿ."

ಹೋದಳು. ಕೆಲಸವೂ ಹೋಯಿತು. ಐವಾನ್-ಎ-ಶಾಹಿ ಬಡಾವಣೆಯ ಎರಡು ಮನೆಗಳಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾ ಮೂರೂವರೆ ತಿಂಗಳು ದೂಡಿದಳು. ಶನಿವಾರಗಳು ಬರುತ್ತಿದ್ದವು, ಹೋಗುತ್ತಿದ್ದವು. ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದಳು.

ನವೆಂಬರಿನಲ್ಲಿ, ಪಾಡ್ಯದ ಹಿಂದಿನ ದಿನ, ಅವಳ ಮನೆಯ ಬಾಗಿಲಲ್ಲಿ ಭೀಮಶಾ ನಿಂತಿದ್ದ. ಸೊರಗಿದ್ದ. ನಾಳೆ ಕಮಲಾಪುರಕ್ಕೆ ಬಂದು ಒಂದು ಕೆಲಸ ಮಾಡಿಕೊಡಬೇಕು ಎಂದ. ಅವಳು ಏನು, ಯಾಕೆ ಎಂದು ಕೇಳಲಿಲ್ಲ.

ಮರುದಿನ ವರ್ಕ್‌ಶಾಪಿನ ಮುಂದೆ ಹತ್ತು ಹನ್ನೆರಡು ಜನ ಸೇರಿದ್ದರು. ಅಂದು ಆ ಮಾತು ಕೇಳಿಸಿಕೊಂಡ ಗಿರಾಕಿಗಳೇ ಎಲ್ಲ. ಸೂಗಪ್ಪನ ಫೋಟೊ ಅವರು ಕೂರುತ್ತಿದ್ದ ಕುರ್ಚಿಯ ಮೇಲಿತ್ತು. ಭೀಮಶಾ ಅವಳ ಕೈಗೆ ಆ ಝೆರಾಕ್ಸ್ ಕೊಟ್ಟು, ಗಟ್ಟಿಯಾಗಿ ಓದಿ ಎಂದ. ಇಪ್ಪತ್ತು ವರ್ಷದ ಲೆಕ್ಕ ಸೂಗಪ್ಪನದು ಜಮಾ ಎಂದು ಅವಳು ಓದಿದಳು. ಬಾಕಿ ಎಂದು ಬರೆದ ತಪ್ಪು ತನ್ನದು ಎಂದು, ಕಾಗದದಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳಿದಳು. ಅಂಬಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಜನ ಚದುರಿದ ಮೇಲೆ ಇಬ್ಬರೇ ಉಳಿದರು.

ಬುರ್ಹಾನುದ್ದೀನ್ ಸಾಹೇಬರು ಜೊತೆಗೆ ಬಂದು ದತ್ತಪ್ಪನಿಂದ ಹಣ ಕೊಡಿಸಿದರು ಎಂದು ಭೀಮಶಾ ಹೇಳಿದ. ನೂರಾ ಒಂದು ರೂಪಾಯಿ ಮಾತ್ರ ಅಲ್ಲೇ ಬಿಟ್ಟು ಬಂದಿದ್ದ. ಅಪ್ಪನ ಹೆಸರು ಈ ವರ್ಷವೂ ಜಮಾದಿಂದಲೇ ಶುರುವಾಗಲಿ ಎಂದು.

"ನಾನು..." ಎಂದಳು ನೀಲಗಂಗಾ.

"ನಿಮ್ ತಪ್ಪು ನೀವು ಬಂದು ನನ್ ಮುಂದ ಹೇಳಿದ್ರಿ," ಎಂದ ಅವನು, ಕುರ್ಚಿಯ ಕಡೆ ನೋಡುತ್ತಾ. "ನನ್ ತಪ್ಪು ಹೇಳ್ಲಾಕ ಅಪ್ಪ ಇಲ್ಲ. ನಾ ಯಾರ ಬಲ್ಲಿ ಹೋಗ್ಲಿ?"

ಅವಳು ಹತ್ತಿರ ಬಂದು, ಮೊದಲ ಬಾರಿಗೆ, ಕಿಡಿ ಸುಟ್ಟ ಆ ತೋಳಿನ ಮೇಲೆ ಕೈಯಿಟ್ಟಳು.

"ನನ್ ಬಲ್ಲಿ ಬರ್ರಿ. ದಿನಾ ಹೇಳ್ರಿ. ನಾ ಕೇಳ್ತೀನಿ."

ಅವನು ಕಣ್ಣೊರೆಸಿಕೊಂಡು, ಒಳಗಿದ್ದ ತಾಯಿಯನ್ನು ಕೂಗಿದ.

"ಯವ್ವಾ, ತಾಟು ಇಡು. ಇಬ್ರೂ ಉಣ್ತೀವಿ."