ಕೇಳದೆ ಬಿಟ್ಟುಕೊಟ್ಟ ಪಾಳಿ

“ದಿನಾ ಬರಬ್ಯಾಡವ್ವ ಮೋನಮ್ಮ. ವಾರಕ್ಕ ಎರಡು ದಿನ ಬಾ, ಸಾಕು.”

ಗೆಜ್ಜೆ ಕಟ್ಟಿಕೊಳ್ಳುತ್ತಿದ್ದ ಮೋನಮ್ಮನ ಕೈ ಅಲ್ಲೇ ನಿಂತಿತು.

ಸುರಪುರದ ಆ ಚಿಕ್ಕ ಹಾಲ್‌ನಲ್ಲಿ ಭರತನಾಟ್ಯ ಕಲಿಸುವ ಮಲ್ಲಾಬಾಯಿ, ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಬೇರೆಲ್ಲೋ ನೋಡಿದರು.

“ದಿನಾ ಕುಣಿದ್ರೇನೇ ಕಾಲು ಹದಕ್ಕ ಬರ್ತಾವ ಅಂತ ನೀವೇ ಹೇಳಿದ್ರಲ್ರಿ ಬಾಯಾರೆ! ಶಹಾಪುರದ ಕಾರ್ಯಕ್ರಮ ಮುಂದಿನ ತಿಂಗಳೇ ಅದ. ನಾ ಒಬ್ಬಾಕೀನೇ ಕುಣೀಬೇಕು...”

“ಹೇಳಿದ್ದೆ, ಖರೇ. ಆದ್ರ ಯಂಕಣ್ಣ ಗಂಟು ಬಿದ್ದ. ಬಿಡುವಿಲ್ಲದಂಗ ಕೆನಾಲ್ ನೀರು ನಿಂತ್ರ ಹೊಲ ಜವಳು ಹಿಡಿದು ಕೆಡ್ತದ, ಕಾಲೂ ಹಂಗೇ ಅಂದ. ನಿನ್ನ ಉಳಿದ ದಿನ ಶೇಖಮ್ಮಗ ಕೊಡ್ರಿ ಅಂತನೂ ಅವನೇ ಅಂದ.”

ಯಂಕಣ್ಣನಾ?!

ಬಾಗಿಲ ಬಳಿ ಮೃದಂಗ ಇಟ್ಟುಕೊಂಡು ಕೂತಿದ್ದ ಯಂಕಣ್ಣ ತಲೆ ಎತ್ತಲಿಲ್ಲ.

“ಖರೇ ಏನು?” ಮೋನಮ್ಮ ಅವನತ್ತ ತಿರುಗಿದಳು.

“ಖರೇನ... ಮೋನಿ, ನಿನ್ನ ಎಡಗಾಲು—”

“ಖರೇ ಅಂದ್ಯಲ್ಲ. ಸಾಕು!”

ಗೆಜ್ಜೆ ಬಿಚ್ಚಿ ಚೀಲಕ್ಕೆ ತುರುಕಿದಳು. ಅವು ಒಳಗೇ ಗಲಗಲ ಅತ್ತವು.

ಇಬ್ಬರದೂ ದೇವಾಪುರವೇ. ಕೆನಾಲಿಗೆ ನೀರು ಬಂದಾಗಿನಿಂದ ಊರ ತುಂಬ ಭತ್ತ. ಹಗಲೆಲ್ಲ ಅವ್ವನ ಜೊತೆ ಕೆಸರಲ್ಲಿ ಬಗ್ಗಿ ನಾಟಿ ಹಚ್ಚುವುದು, ಸಂಜೆ ಕಾಲು ತೊಳೆದು ಬಸ್ಸು ಹತ್ತುವುದು. ಬಸ್ಸು ನಿಲ್ಲುವ ಮೊದಲೇ ಯಂಕಣ್ಣ ಹೆಗಲ ಟವೆಲ್ಲನ್ನು ಕಿಟಕಿಯೊಳಗೆ ಒಗೆದು ಅವಳಿಗೊಂದು ಸೀಟು ಹಿಡಿಯುತ್ತಿದ್ದ. “ನಿನ್ನ ಹೆಜ್ಜಿ ಇಲ್ದಿದ್ರ ನನ್ನ ಮೃದಂಗ ಬರೇ ತೊಗಲು” ಅಂದಿದ್ದವನೂ ಅವನೇ!

ಅವನೇ ಹೀಗೆ ಮಾಡಿದನೇ...

ಮನೆಯಲ್ಲಿ ಅವ್ವ ದೇವಕಮ್ಮ ರೊಟ್ಟಿ ಬಡಿಯುತ್ತಿದ್ದಳು. “ಯಾಕ, ಇಷ್ಟು ಲಗೂನ ಬಂದಿ?”

“ನನ್ನ ಪಾಳಿ ಇನ್ನೊಬ್ಬರಿಗೆ ಕೊಟ್ಟಾರವ್ವ.”

“ಯಾರನ್ನ ಕೇಳಿ?”

ಆ ಒಂದು ಮಾತು ಮೋನಮ್ಮನ ಎದೆಯಲ್ಲಿ ನಾಟಿಬಿಟ್ಟಿತು.

ಅವರೂರಲ್ಲಿ ನೀರಿನ ಪಾಳಿಗೊಂದು ಕಟ್ಟಳೆ. ತನ್ನ ಪಾಳಿ ಬಿಟ್ಟುಕೊಡುವವರು ಬದುವಿನ ಮೇಲೆ ಬಂದು ನಿಂತು, ‘ತಗೋರಿ’ ಎಂದು ಬಾಯಿಬಿಟ್ಟು ಹೇಳಬೇಕು. ಗಂಡ ಹೆಂಡತಿಯ ಪರವಾಗಿ ಹೇಳಿದರೂ ನಡೆಯದು. ಆ ಮಾತಿಲ್ಲದೆ ಮಡೆ ತಿರುಗಿಸಿ ನೀರು ಹಾಯಿಸಿಕೊಂಡವನ ಮನೆಗೆ ಬೆಂಕಿ ಕೇಳಲೂ ಯಾರೂ ಹೋಗರು.

ಯಂಕಣ್ಣನಿಗೆ ಇದು ಗೊತ್ತಿಲ್ಲವೇ?

ಆಮೇಲೆ ತನ್ನ ಎರಡು ದಿನಗಳಂದು ಅವಳು ಬಸ್ಸಿನಲ್ಲಿ ನಿಂತೇ ಹೋದಳು. ಅವನು ಹಿಡಿದ ಸೀಟಿನ ಮೇಲೆ ಟವೆಲ್ಲೊಂದೇ ಸುರಪುರದವರೆಗೆ ಕೂತು ಬಂತು. ಕುಣಿಯುವಾಗ ಅವನತ್ತ ನೋಡಲೇ ಇಲ್ಲ. ಮನೆಯಲ್ಲಿ ಉಳಿದ ಸಂಜೆಗಳಲ್ಲಂತೂ ಕಣ್ಣೆದುರು ಬರೀ ಶೇಖಮ್ಮ... ಗುಮಾಸ್ತರ ಮಗಳು, ಕೆಸರು ಮುಟ್ಟದ ಬೆಳ್ಳನೆಯ ಪಾದ. ಆ ಪಾದಕ್ಕೆ ಈಗ ಅವನ ಮೃದಂಗ!

ಒಂದು ದಿನ ಶೇಖಮ್ಮನೇ ಹಾಲ್‌ನ ಮೆಟ್ಟಿಲ ಮೇಲೆ ಅಡ್ಡಗಟ್ಟಿದಳು.

“ಏ ಮೋನಮ್ಮ! ನನ್ನ ಪಾಳಿ ದಿನ ನಿನ್ನ ಮೃದಂಗದ ಮನುಷ್ಯಾ ಎಲ್ಲಿ ಹಾಳಾಗಿ ಹೋಗ್ತಾನ? ನನ್ನ ಹಣೆಬರಕ್ಕ ಬರೇ ಟೇಪ್‌ರೆಕಾರ್ಡರ್! ನಾ ತಪ್ಪಿದ್ರೂ ಸುಡುಗಾಡು ನಿಂದ್ರಂಗಿಲ್ಲ, ಓಡ್ತಾ ಇರ್ತದ.”

“ಅವ... ಬರಂಗಿಲ್ಲೇನು?”

“ಒಂದಿನಾನೂ ಬಂದಿಲ್ಲ! ಅದಿರ್ಲಿ, ನಿನ್ನ ಕಾಲುಬ್ಯಾನಿ ಹ್ಯಾಂಗದ? ‘ಮೋನಿ ಬಸ್ ಇಳಿಯಾಗ ಸರಳು ಹಿಡಕೊಂಡು ಕಣ್ಣಾಗ ನೀರು ತರ್ತಾಳ, ಏನಾತು ಅಂದ್ರ ಏನಿಲ್ಲ ಅಂತಾಳ’ ಅಂತ ಬಾಯಾರ ಮುಂದ ಅಳೋದೊಂದು ಬಾಕಿ ಇತ್ತು ಅವಂದು.”

ಮೋನಮ್ಮ ತನ್ನ ಎಡಗಾಲು ನೋಡಿಕೊಂಡಳು. ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ಹಿಮ್ಮಡಿಯ ಬಾವು ಇಳಿದಿತ್ತು. ಇವತ್ತು ಒಂದು ಹೆಜ್ಜೆಯೂ ತಾಳದ ಹಿಂದೆ ಬಿದ್ದಿರಲಿಲ್ಲ...

ಅಂದರೆ ಅವನು ಹೇಳಿದ್ದೇ ಸರಿ!

ವಿಚಿತ್ರವೆಂದರೆ, ಅದು ತಿಳಿದ ಮೇಲೆ ಎದೆಯ ಉರಿ ಇನ್ನಷ್ಟು ಹೆಚ್ಚಿತು.

ಮುಂದಿನ ಪಾಳಿಯ ಸಂಜೆ, ಬಸ್ಸು ಬರುವ ಮೊದಲೇ ಅವಳು ಕೆನಾಲಿನ ಏರಿ ಹತ್ತಿದಳು. ಯಂಕಣ್ಣ ಮೃದಂಗ ತಬ್ಬಿಕೊಂಡು ನೀರು ನೋಡುತ್ತ ಕೂತಿದ್ದ.

“ಕಾಲು ಹಗುರ ಆಗ್ಯಾವ. ತಾಳಕ್ಕ ಬೀಳಾಕತ್ತಾವ. ನೀ ಹೇಳಿದ್ದು ಸರಿ ಇತ್ತು.”

ಅವನ ಮುಖ ಅರಳಿತು.

“ನಗಬ್ಯಾಡ! ಸರಿ ಇದ್ರ ಮುಗೀತೇನು? ನನ್ನ ಪಾಳಿ ಬಿಟ್ಟುಕೊಡಾಕ ನೀ ಯಾರು?”

“ಕೇಳಿದ್ರ ಒಪ್ತಿದ್ದೇನು ನೀ?”

“ಇಲ್ಲ! ಜಗಳಾ ಮಾಡ್ತಿದ್ದೆ. ಮಾತು ಬಿಡ್ತಿದ್ದೆ. ಆ ಜಗಳಾನೂ ನಂದೇ ಇತ್ತಲ್ಲೋ... ಅದನ್ನೂ ಕಸಕೊಂಡಿ.”

ಯಂಕಣ್ಣ ಮೃದಂಗವನ್ನು ಪಕ್ಕಕ್ಕಿಟ್ಟ.

“ಅಂಜಿದೆ ಮೋನಿ. ನಿನ್ನ ಕಾಲಿನ ಸಲುವಾಗಿ ಅಂತ ನನಗ ನಾನೇ ಹೇಳ್ಕೊಂಡೆ. ಖರೇ ಅಂದ್ರ ನಿನ್ನ ಸಿಟ್ಟಿಗೆ ಅಂಜಿದೆ. ನೀ ಅಂದ್ರ ನನಗ ಜೀವ. ನಿನ್ನ ಬಿಟ್ಟು ಇನ್ನೊಬ್ಬರಿಗೆ ನುಡಸಾಕ ಕೈನೇ ಏಳಲಿಲ್ಲ... ಹಿಂದಿಂದ ಮಾಡಿದ್ದು ತಪ್ಪು. ದೊಡ್ಡ ತಪ್ಪು.”

ಮೋನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ದಿನ ತಡೆದಿದ್ದ ನೀರು, ಒರೆಸಿದಷ್ಟೂ ಬಂತು.

“ಇನ್ನ ಮ್ಯಾಲ?”

“ಮೊದಲು ನಿನ್ನ ಕೇಳ್ತೀನಿ. ಆಮ್ಯಾಲ ನಿನ್ನ ಕಡಿಂದ ಬೈಸ್ಕೋತೀನಿ.”

“ಹಂಗಾದ್ರ ಕೇಳು. ವಾರಕ್ಕ ಮೂರು ದಿನ ಬಾಯಾರ ಹತ್ರ. ಮನ್ಯಾಗ ದಿನಾ ಒಂದೀಟು, ಕಾಲು ನೋಯೋತನಕ ಅಲ್ಲ. ಉಳಿದ ಪಾಳಿ ಶೇಖಮ್ಮಗ ನಾನೇ ಕೊಡ್ತೀನಿ, ನನ್ನ ಬಾಯಿಂದ. ನೀ ಹೋಗಿ ಆಕೀಗೂ ನುಡಸು. ಪಾಪ, ಟೇಪಿನ ಕೂಡ ಜಗಳಾಡಿ ಸಾಕಾಗ್ಯದ ಆಕೀಗೆ.”

“ಹೂಂ... ಮತ್ತ ನನ್ನ ಮ್ಯಾಲಿನ ಸಿಟ್ಟು?”

“ಅದು ಇನ್ನೂ ಅದ. ಯಾವಾಗ ಬಿಡಬೇಕಂತ ನಾನೇ ಹೇಳ್ತೀನಿ.”

ಧೂಳೆಬ್ಬಿಸಿಕೊಂಡು ಬಸ್ಸು ಬಂತು, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಯಂಕಣ್ಣ ಟವೆಲ್ಲಿಗೆ ಕೈ ಹಾಕಿ, ಅವಳತ್ತ ನೋಡಿ ಸುಮ್ಮನೆ ನಿಂತ.

ಮೋನಮ್ಮ ಅವನ ಹೆಗಲಿಂದ ಟವೆಲ್ಲು ಎಳೆದುಕೊಂಡಳು. ಓಡಿಹೋಗಿ ಕಿಟಕಿಯೊಳಗೆ ಒಗೆದಳು. ಅದು ಬಿಚ್ಚಿಕೊಂಡು, ಎರಡು ಸೀಟಿನಗಲ ಬಿತ್ತು.